ಎಲ್ಲರಿಗೂ ಒಂದೇ ಪಾಸ್‌ವರ್ಡ್

ಪುಣೆಯ ಮಗರಪಟ್ಟಾದಲ್ಲಿರುವ ನಮ್ಮ ಆಫೀಸಿಗೆ ಮೊನ್ನೆ ನನ್ನ ಹೆಸರಿಗೊಂದು ಕೊರಿಯರ್ ಬಂತು. ಒಳಗೆ ಹಳೆಯ ಖಾಕಿ ಲಕೋಟೆ, ಅದರ ಬೆನ್ನಿಗೆ ಕೆಂಪು ಅರಗಿನ ಮುದ್ರೆ. ಜೊತೆಗೆ, ಹಿಂದೆ ನನ್ನೊಂದಿಗೆ ಕೆಲಸ ಮಾಡಿದ್ದ ಕಾಕಾರ ಮಗಳ ಚೀಟಿ: ಅಪ್ಪ ಹೋದ ತಿಂಗಳು ತೀರಿಕೊಂಡರು, ಕಪಾಟಿನಲ್ಲಿ ನಿಮ್ಮ ಹೆಸರಿನ ಈ ಲಕೋಟೆ ಸಿಕ್ಕಿತು. ಮೂಗಿನ ಹತ್ತಿರ ಹಿಡಿದೆ. ಅರಗಿನ ವಾಸನೆ ಇನ್ನೂ ಸ್ವಲ್ಪ ಉಳಿದಿತ್ತು... ತೆರೆಯುವ ಧೈರ್ಯವಾಗಲಿಲ್ಲ.

ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ನಾನು ಲ್ಯಾಬಿನ ಗುಮಾಸ್ತನಾಗಿದ್ದಾಗ ಅಲ್ಲಿಯ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದವರು ಕಾಕಾ. ವಿಜಯಪುರದ ಕಡೆಯವರು. ಅದಕ್ಕೂ ಮೊದಲು ದೇಹೂ ರೋಡಿನಲ್ಲಿ ಸೈನ್ಯದ ಉಗ್ರಾಣದಲ್ಲಿದ್ದರು. ಅಲ್ಲಿ ಒಂದು ಬಾಗಿಲಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಮೇಲೆ ಅರಗಿನ ಮುದ್ರೆ. ಅದೇ ಶಿಸ್ತನ್ನು ಕಂಪ್ಯೂಟರಿಗೂ ತಂದಿದ್ದರು. ಪ್ರತಿಯೊಬ್ಬರಿಗೂ ಅವರವರದೇ ಪಾಸ್‌ವರ್ಡ್, ಕೆಲಸಕ್ಕೆ ಬೇಕಾದಷ್ಟೇ ಫೈಲು. ವರದಿ ಟೈಪ್ ಮಾಡಿದವನೇ ಅದಕ್ಕೆ ಮಂಜೂರಿ ಕೊಡುವ ಹಾಗಿಲ್ಲ. ಅಕ್ಷರ ತಿದ್ದಿದರೂ ತಿದ್ದಿದವನ ಹೆಸರು ಉಳಿಯಬೇಕು. ಮುಖ್ಯ ಪಾಸ್‌ವರ್ಡನ್ನು ಲಕೋಟೆಯಲ್ಲಿಟ್ಟು, ಅರಗು ಕಾಯಿಸಿ ಮುದ್ರೆ ಒತ್ತುತ್ತಿದ್ದರು. ನಾವು ನಗುತ್ತಿದ್ದೆವು. ನಾನೂ ನಕ್ಕವನೇ.

ಒಂದು ದಿನ ಕೇಳಿಯೇಬಿಟ್ಟೆ, ನಮ್ಮ ಮೇಲೆ ಇಷ್ಟು ಸಂಶಯವೇ ಎಂದು.

"ಸಂಶಯ ಅಲ್ಲೋ ತಮ್ಮಾ. ನಾಳೆ ಏನರ ಆದ್ರ, ನೀ ಮಾಡಿಲ್ಲ ಅಂತ ಹೇಳಾಕ ಒಂದು ಸಾಕ್ಷಿ ಬೇಕಲ್ಲ," ಅಂದರು.

ಈಗಿನ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಎ.ಸಿ. ಕೋಣೆಯಲ್ಲಿ ಕೂರಿಸಿ, ದೊಡ್ಡ ಪರದೆಯ ಮೇಲೆ ಇದನ್ನೇ ಪಾಠ ಮಾಡುತ್ತಾರೆ. ನನಗೆ ಮೈ ಉರಿಯುತ್ತದೆ.

ಮ್ಯಾನೇಜರನಿಗೆ ಕಾಕಾರ ಶಿಸ್ತು ತಲೆನೋವಾಗಿತ್ತು. ಅವನನ್ನು ಬಹುವಚನದಲ್ಲಿ ಬರೆಯಲು ನನ್ನ ಕೈ ಈಗಲೂ ಏಳುವುದಿಲ್ಲ. ಡಬ್ಬಿ ಹಂಚಿಕೊಂಡು ಉಣ್ಣುವವರ ನಡುವೆ ಪಾಸ್‌ವರ್ಡ್ ಮುಚ್ಚಿಟ್ಟರೆ ನಮಗೆ ಅವಮಾನವಾದಂತೆ ಅನಿಸುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಎಲ್ಲರನ್ನೂ ಕರೆದು, "ಸಗಳೀ ಆಪಲೀಚ ಮಾಣಸಂ ಆಹೇತ" ಎಂದ. ಎಲ್ಲ ನಮ್ಮವರೇ, ಇನ್ನು ಮೇಲೆ ಎಲ್ಲರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ನಾವು ಚಪ್ಪಾಳೆ ತಟ್ಟಿದೆವು. ಬೇಡವೆಂದು ಕಾಕಾ ಬರೆದುಕೊಟ್ಟ ಪತ್ರ ಕಸದ ಬುಟ್ಟಿ ಸೇರಿತು.

ಕೆಲವೇ ವಾರಗಳ ಮೇಲೆ ಒಂದು ಮಧ್ಯಾಹ್ನ, ಕಾಕಾರ ಜೊತೆ ಚಹಾ ಕುಡಿದು ನಾನು ಲ್ಯಾಬಿಗೆ ಬಂದಾಗ ಮ್ಯಾನೇಜರ್ ನನ್ನ ಕುರ್ಚಿಯಿಂದ ಏಳುತ್ತಿದ್ದ. ಬೆಳಿಗ್ಗೆ ನಾನೇ ಟೈಪ್ ಮಾಡಿದ್ದ, ಒಂದು ಮಾಲಿನ ಪರೀಕ್ಷೆಯ ವರದಿ ಪರದೆಯ ಮೇಲಿತ್ತು. ಫೇಲ್ ಎಂದು ಬರೆದದ್ದು ಪಾಸ್ ಆಗಿತ್ತು. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಆ ಮಾಲು ಹೋದ ಕಡೆ, ಡ್ರಮ್ ತೆರೆದ ಕೆಲಸಗಾರನ ಎರಡೂ ಕೈ ಸುಟ್ಟವು.

ವಿಚಾರಣೆ ನಡೆಯಿತು. ತಿದ್ದಿದವರು ಯಾರು? ಎಲ್ಲರದೂ ಒಂದೇ ಹೆಸರಾದ ಮೇಲೆ ಯಾರೂ ಅಲ್ಲ. ಹಾಗಾದರೆ ಕಂಪ್ಯೂಟರ್ ಕೋಣೆಯವನದೇ ತಪ್ಪು ಎಂದ ಮ್ಯಾನೇಜರ್, ನಾಚಿಕೆಯಿಲ್ಲದೆ. ಯಾವ ಟೇಬಲಿನಿಂದ ತಿದ್ದಿದ್ದು ಎಂಬ ದಾಖಲೆಯಾದರೂ ಇದೆಯೇ ಎಂದು ಮೇಲಿನವರು ಕೇಳಿದರು. ಕಾಕಾ ಇಲ್ಲ ಅಂದರು. ಒಮ್ಮೆ ನನ್ನ ಕಡೆ ನೋಡಿದರು... ನಾನು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತಿದ್ದೆ. ನನ್ನ ಬಾಯಿಗೇನು ಬೀಗ ಬಿದ್ದಿತ್ತು? ಅಂದೇ ಅವರನ್ನು ಕೆಲಸದಿಂದ ತೆಗೆದರು. ಇಷ್ಟು ವರ್ಷ ಮ್ಯಾನೇಜರನನ್ನು ಬೈದುಕೊಂಡೇ ಬಂದೆ. ಅವನನ್ನು ಬೈಯುವುದು ಸುಲಭವಾಗಿತ್ತು.

ಇವತ್ತು ಮುದ್ರೆ ಒಡೆದೆ. ಒಳಗೆ ಒಂದೇ ಹಾಳೆ. ಆ ಮಧ್ಯಾಹ್ನ ವರದಿ ತಿದ್ದಿದ ಸಮಯ, ಪಕ್ಕದಲ್ಲಿ ನನ್ನ ಟೇಬಲಿನ ನಂಬರು. ದಾಖಲೆ ಇತ್ತು. ತೋರಿಸಿದ್ದರೆ ಅವರು ಉಳಿಯುತ್ತಿದ್ದರು, ನಾನು ಹೋಗುತ್ತಿದ್ದೆ. ಕೆಳಗೆ ಅವರದೇ ಕೈಬರಹ:

"ಆ ಹೊತ್ತಿನಾಗ ನೀ ನನ್ನ ಕೂಡ ಚಹಾ ಕುಡಿಯಾಕತ್ತಿದ್ದಿ. ನೀ ಅಲ್ಲ ಅಂತ ನನಗ ಗೊತ್ತದ. ಯಾರಂತ ನೀನೇ ಹೇಳ್ತಿ ಅಂತ ಭಾಳ ಹೊತ್ತು ಕಾದೆ, ತಮ್ಮಾ."

ಮ್ಯಾನೇಜರ್, ಕಾಕಾ. ನನ್ನ ಕುರ್ಚಿಯಲ್ಲಿ ಕೂತಿದ್ದವನು ಮ್ಯಾನೇಜರ್. ಹೇಳಿದೆ ನೋಡಿ, ಕೇಳಲು ನೀವಿಲ್ಲದ ಮೇಲೆ.