ಮೊದಲ ಪುಟ

ಮೇಡಂ ಅವರ ಎರಡೂ ಪಾದಗಳ ಹೊರಬದಿಯ ಗಿಣ್ಣಿನ ಮೇಲೆ ಚರ್ಮ ಕಪ್ಪಗೆ, ಗಟ್ಟಿಯಾಗಿ ಜಡ್ಡು ಕಟ್ಟಿತ್ತು. ಸೀರೆಯ ಅಂಚು ಸ್ವಲ್ಪ ಸರಿದರೆ ಸಾಕು, ಕಾಣುತ್ತಿತ್ತು. ವಿಭಾಗಕ್ಕೆ ಹೊಸದಾಗಿ ಬಂದವರು ಅದನ್ನು ಯಾವುದೋ ಚರ್ಮರೋಗ ಎಂದುಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಇಪ್ಪತ್ತೈದು ವರ್ಷ ಕಂಡವರ ಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೂತು ಬಂದದ್ದು ಅದು ಎಂದು ತಿಳಿದದ್ದು ಅವರ ಜೊತೆ ಹಳ್ಳಿಗಳಿಗೆ ಹೋಗತೊಡಗಿದ ಮೇಲೆ. ಯಾರಾದರೂ ಓಡಿಹೋಗಿ ಪಕ್ಕದ ಮನೆಯಿಂದ ಕುರ್ಚಿ ತಂದರೆ ಅದನ್ನು ಗೋಡೆಗೆ ಸರಿಸಿ ಕೆಳಗೆ ಕೂರುತ್ತಿದ್ದರು. ಕಾರಣ ಕೇಳಿದಾಗ ಒಮ್ಮೆ ಅಂದರು: "ಕುರ್ಚಿ ಮ್ಯಾಲೆ ಕೂತರ ಮಂದಿ ನಮಗ ಅರ್ಜಿ ಕೊಡ್ತಾರವಾ. ನಮಗ ಬೇಕಾದದ್ದು ಅರ್ಜಿ ಅಲ್ಲ."

ಅವರು ಪುಣೆಯ ಒಂದು ಸಂಸ್ಥೆಯಲ್ಲಿ ನಮಗೆ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಪಕ್ಷಗಳು ಮತ್ತು ಚುನಾವಣೆಗಳು ಅವರ ವಿಷಯ. ಹುಟ್ಟಿದ್ದು ಬಾಗಲಕೋಟೆ ಕಡೆ, ಎಂ.ಎ. ಓದಲು ಬಂದು ಇಲ್ಲೇ ಉಳಿದವರು. ನಾನು ಪುಣೆಯಲ್ಲೇ ಬೆಳೆದವಳು. ಅಪ್ಪ ವಿಜಯಪುರದಿಂದ ಬಂದು ಇಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಒಂದು ದಿನ ವರಾಂಡದಲ್ಲಿ ನಿಂತು ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಹಾದುಹೋಗುತ್ತಿದ್ದ ಮೇಡಂ ನಿಂತರು, ನಾನು ಫೋನ್ ಇಡುವವರೆಗೂ ಕಾದರು, "ಈ ಮಾತು ನನಗ ಬೇಕಾಗೇದ" ಅಂದರು. ಪುಣೆಯ ಅಂಚಿನ ಕೊಂಢವಾದಲ್ಲಿ ಕಟ್ಟಡ ಕೆಲಸ ಮಾಡಿಕೊಂಡು, ಅಲ್ಲೇ ಮತದಾರರ ಪಟ್ಟಿಗೆ ಸೇರಿದ್ದ ಕಲಬುರಗಿ, ಯಾದಗಿರಿ ಕಡೆಯ ಮಂದಿಯನ್ನು ಮಾತಾಡಿಸಲು ಅವರಿಗೆ ತಮ್ಮ ಜೊತೆಗೆ ಇನ್ನೊಬ್ಬಳು ಕನ್ನಡದ ಹುಡುಗಿ ಬೇಕಿದ್ದಳು.

ಅವರ ಅಧ್ಯಯನ ಹೇಳಲು ಸುಲಭ, ಮಾಡಲು ಕಷ್ಟ. ಪ್ರತಿ ಚುನಾವಣೆ ಮುಗಿದ ಮೇಲೆ ಅದೇ ಮನೆಗಳಿಗೆ ಹೋಗುವುದು, ಅದೇ ಜನರನ್ನು ಅವೇ ಪ್ರಶ್ನೆಗಳನ್ನು ಕೇಳುವುದು. ಯಾರಿಗೆ ಹಾಕಿದಿರಿ, ಯಾವಾಗ ನಿರ್ಧಾರ ಮಾಡಿದಿರಿ, ಯಾರ ಜೊತೆ ಮಾತಾಡಿದಿರಿ. ಭೋರ್ ಪಟ್ಟಣದ ಮೇಲಿನ ಗುಡ್ಡದ ಕೇರಿಗಳು, ಬಾರಾಮತಿ ಸುತ್ತಿನ ಕಬ್ಬಿನ ಊರುಗಳು, ಕೊಂಢವಾದ ತಗಡಿನ ಶೆಡ್ಡುಗಳು. ಫಲಿತಾಂಶದ ದಿನ ಟಿವಿಯವರು ಕರೆದರೆ ಹೋಗುತ್ತಿರಲಿಲ್ಲ. ಯಾರು ಗೆಲ್ಲುತ್ತಾರೆ ಎಂಬುದು ಸಂಜೆಯೊಳಗೆ ತಾನೇ ಗೊತ್ತಾಗುತ್ತದೆ, ಅದಕ್ಕೆ ತಾನೇಕೆ ಎನ್ನುತ್ತಿದ್ದರು. ಒಬ್ಬ ಮನುಷ್ಯ ತನ್ನ ಮನಸ್ಸನ್ನು ಯಾವಾಗ, ಯಾಕೆ ಬದಲಿಸುತ್ತಾನೆ ಎಂಬುದಷ್ಟೇ ಅವರ ಪ್ರಶ್ನೆ. ಅದರ ಮೇಲೆ ಒಂದೇ ಒಂದು ಪುಸ್ತಕ ಬರೆಯಬೇಕಿತ್ತು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು, ಅರ್ಧ ಬರೆದಿದ್ದರು.

ಒಂದು ಕಟ್ಟುನಿಟ್ಟು ಇತ್ತು. ಹೆಸರು, ಊರು, ಜಾತಿ, ವಯಸ್ಸು ಎಲ್ಲವೂ ಪ್ರಶ್ನಾವಳಿಯ ಮೊದಲ ಪುಟದಲ್ಲಿರುತ್ತಿದ್ದವು. ಮುಂದಿನ ಪುಟಗಳಲ್ಲಿ ಮೊದಲ ಪುಟದ ಸಂಖ್ಯೆ ಮತ್ತು ಉತ್ತರಗಳು ಮಾತ್ರ. ಊರಿಂದ ಬಂದ ಕೂಡಲೇ ಮೊದಲ ಪುಟ ಬಿಡಿಸಿ ಅವರು ಮನೆಗೆ ಒಯ್ಯುತ್ತಿದ್ದರು. ಉತ್ತರಗಳು ವಿಭಾಗದ ಕಪಾಟಿನಲ್ಲಿ ಉಳಿಯುತ್ತಿದ್ದವು. ಎರಡನ್ನೂ ಜೋಡಿಸಿ ನೋಡಬಲ್ಲವರು ಅವರೊಬ್ಬರೇ. ನಿಮ್ಮ ಹೆಸರು ಇನ್ನೊಬ್ಬರಿಗೆ ತಿಳಿಯುವುದಿಲ್ಲ ಎಂದು ಪ್ರತಿ ಮನೆಯಲ್ಲೂ ಮಾತು ಕೊಡುತ್ತಿದ್ದರು. ಮೊದಲ ಪುಟವನ್ನು ಕಂಪ್ಯೂಟರಿಗೆ ಏರಿಸಲು ಬಿಡುತ್ತಿರಲಿಲ್ಲ. ಸಹೋದ್ಯೋಗಿಗಳು ಈಗಲೂ ಕೈಲೆಕ್ಕವೇ ಎಂದು ನಗುತ್ತಿದ್ದರು. ಮೇಡಂ ಕೂಡ ನಗುತ್ತಿದ್ದರು.

ಕೊನೆಯ ಸುತ್ತಿನಲ್ಲಿ ನಾನು ಅವರ ಜೊತೆಗಿದ್ದೆ. ಮೊದಲ ದಿನದಿಂದಲೇ ಏನೋ ಸರಿಯಿರಲಿಲ್ಲ. ಕೊಂಢವಾದ ಶೆಡ್ಡುಗಳಲ್ಲಿ ಹೋದ ಸಲ ಒತ್ತಾಯ ಮಾಡಿ ಚಹಾ ಕೊಟ್ಟವರು ಈಗ ನಿಂತಲ್ಲೇ ಮಾತಾಡಿಸಿ ಕಳಿಸತೊಡಗಿದರು. ಗಾರೆ ಕೆಲಸದ ಮುದುಕನೊಬ್ಬ, "ನಿಮಗ ಏನ ಬೇಕೋ ಅದನ್ನ ನೀವ ಬರಕೊಂಡಬಿಡ್ರಿ ಅಕ್ಕಾರ. ನಾವ ಹೇಳಿದ್ವಿ ಅನಬ್ಯಾಡ್ರಿ" ಅಂದ. ಆಮೇಲೆ ಭೋರ್ ಮೇಲಿನ ಒಂದು ಕೇರಿಗೆ ಹೋದೆವು. ಹನ್ನೊಂದು ಮನೆ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹನ್ನೊಂದೂ ಮನೆಗಳಲ್ಲಿ, ಯಾರಿಗೆ ಹಾಕಿದಿರಿ, ಯಾಕೆ ಎಂದದ್ದಕ್ಕೆ, ಒಂದೇ ಮರಾಠಿ ವಾಕ್ಯ ಉತ್ತರವಾಗಿ ಬಂತು. ಒಂದು ಶಬ್ದ ಆಚೀಚೆ ಇಲ್ಲ. ನನಗೆ ಬರೆದುಕೊಳ್ಳುವುದು ಸುಲಭವಾಯಿತು ಎಂದು ಖುಷಿಯಾಗಿತ್ತು. ಕೊನೆಯ ಮನೆಯಿಂದ ಹೊರಬಂದಾಗ ಮೇಡಂ ಮುಖ ನೋಡಿದೆ. ಬಿಳಿಚಿಕೊಂಡಿತ್ತು.

"ಇದು ಉತ್ತರ ಅಲ್ಲ, ಪಾಠ" ಅಂದರು. "ನಮಕಿಂತ ಮೊದಲ ಯಾರೋ ಬಂದು ಹೋಗ್ಯಾರ."

ಇಳಿಯುವ ದಾರಿಯಲ್ಲಿ ಎಲ್ಲಿಯೂ ನಿಲ್ಲಲಿಲ್ಲ. ಬಸ್ಸಿನಲ್ಲಿ ಕೂತ ಮೇಲೂ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಹದಿನೈದು ದಿನಕ್ಕೆ ಅವರ ಹಳೆಯ ವಿದ್ಯಾರ್ಥಿಯೊಬ್ಬ ವಿಭಾಗಕ್ಕೆ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. ಮೇಡಂ ಕಾಲು ಮುಟ್ಟಿ ನಮಸ್ಕರಿಸಿದ. ಪಕ್ಷಗಳಿಗೆ ಚುನಾವಣೆಯ ಸಲಹೆ ಕೊಡುವ ಒಂದು ಕಂಪನಿಯಲ್ಲಿ ಈಗ ಅವನ ಕೆಲಸ. ಒಂದು ಕಾಲಕ್ಕೆ ನನ್ನ ಹಾಗೆ ಅವನೂ ಪ್ರಶ್ನಾವಳಿ ಹಿಡಿದು ಭೋರ್ ಗುಡ್ಡ ಹತ್ತಿದ್ದವನು, ಹಾಗಾಗಿ ಮೊದಲ ಪುಟದ ವಿಷಯ ಅವನಿಗೆ ಗೊತ್ತಿತ್ತು. ಯಾವ ಕೇರಿ ತಮ್ಮ ವಿರುದ್ಧ ಹೋಗಿದೆ ಎಂದು ಮತಗಟ್ಟೆಯ ಅಂಕಿಗಳಿಂದಲೇ ತಿಳಿಯುತ್ತದೆ, ಕೇರಿಯಲ್ಲಿ ಯಾರು ಎಂದು ಮಾತ್ರ ತಿಳಿಯುವುದಿಲ್ಲ ಎಂದು ಮರಾಠಿಯಲ್ಲಿ ನಿಧಾನವಾಗಿ ವಿವರಿಸಿದ. ಆ ಪುಟಗಳು ಬೇಕಾದದ್ದು ಆ ಜನರ ಕಷ್ಟ ಅರ್ಥ ಮಾಡಿಕೊಳ್ಳುವುದಕ್ಕಷ್ಟೇ ಎಂದೂ ಸೇರಿಸಿದ. ಮೇಡಂ ಆಗುವುದಿಲ್ಲ ಎಂದರು. ಅವನಿಗೆ ಸಿಟ್ಟು ಬರಲಿಲ್ಲ. ಎದ್ದು ಹೊರಡುವಾಗ ನನ್ನ ಕಡೆ ತಿರುಗಿ, ಮಧ್ಯಾಹ್ನ ನಿಮ್ಮ ತಾಯಿ ಮನೆಯಲ್ಲಿ ಒಬ್ಬರೇ ಇರುತ್ತಾರಲ್ಲವೇ, ಹುಷಾರಾಗಿರಲು ಹೇಳಿ ಅಂದ. ಅವನನ್ನು ನಾನು ನೋಡಿದ್ದು ಅದೇ ಮೊದಲು.

ಮರುವಾರ ಸಂಸ್ಥೆಯಿಂದ ಪತ್ರ ಬಂತು. ಅಧ್ಯಯನದ ಎಲ್ಲ ಕಾಗದಪತ್ರ ಸಂಸ್ಥೆಯ ಆಸ್ತಿ, ಮನೆಯಲ್ಲಿರುವುದನ್ನೂ ಸೇರಿಸಿ ಸೋಮವಾರದೊಳಗೆ ಒಪ್ಪಿಸಬೇಕು ಎಂದಿತ್ತು. ಮೇಡಂ ಪತ್ರವನ್ನು ಎರಡು ಸಲ ಓದಿದರು. ಶನಿವಾರ ಮಧ್ಯಾಹ್ನ ಮನೆಗೆ ಬಾ ಎಂದು ನನಗೆ ಹೇಳಿದರು.

ಹೋದಾಗ ಬಚ್ಚಲಲ್ಲಿ ಎರಡು ದೊಡ್ಡ ಬಕೆಟ್ಟುಗಳಲ್ಲಿ ನೀರು ತುಂಬಿಟ್ಟಿದ್ದರು. ಇಪ್ಪತ್ತೈದು ವರ್ಷಗಳ ಮೊದಲ ಪುಟಗಳು ಹೊರಗೆ ನೆಲದ ಮೇಲೆ ಸಾಲಾಗಿದ್ದವು. ಸುಟ್ಟರೆ ಹೊಗೆ ನೋಡಿ ಅಕ್ಕಪಕ್ಕದವರು ಬರುತ್ತಾರೆ ಅಂದರು. ಎಲ್ಲಾದರೂ ಬಚ್ಚಿಡೋಣ, ನಮ್ಮ ಮನೆಯಲ್ಲೇ ಇಡುತ್ತೇನೆ ಎಂದೆ. ತಲೆ ಅಲ್ಲಾಡಿಸಿದರು. "ಹಂಗಾರ ಪುಸ್ತಕರಿ ಮೇಡಂ?" ಎಂದೆ. ಯಾವ ಊರು, ಯಾವ ಜಾತಿ, ಗಂಡೋ ಹೆಣ್ಣೋ ತಿಳಿಯದ ಉತ್ತರಗಳಿಂದ ಪುಸ್ತಕ ಆಗುವುದಿಲ್ಲ ಎಂದು ನನಗೆ ಅವರೇ ಕಲಿಸಿದ್ದರು.

"ಅವರಿಗೆ ಮಾತು ಕೊಟ್ಟೀನಿ" ಅಂದರು. "ಪುಸ್ತಕಕ್ಕ ಯಾರಿಗೂ ಮಾತು ಕೊಟ್ಟಿಲ್ಲ."

ಪುಟಗಳನ್ನು ನೀರಲ್ಲಿ ಮುಳುಗಿಸುವ ಮೊದಲು ಒಂದೊಂದನ್ನೂ ನೋಡುತ್ತಿದ್ದರು. ಈಕೆ ಈಗಿಲ್ಲ, ಇವನ ಮಗಳು ನರ್ಸ್ ಆದಳು, ಈತ ಪ್ರತಿ ಸಲ ಸುಳ್ಳು ಹೇಳುತ್ತಾನೆ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಶಾಯಿ ಬಿಟ್ಟು ನೀರು ನೀಲಿಯಾಯಿತು. ಕಾಗದ ಮುದ್ದೆಯಾದ ಮೇಲೆ ನಾವಿಬ್ಬರೂ ಕೈಯಿಂದ ಹಿಸುಕಿದೆವು. ಒಮ್ಮೆ ಬಾಗಿಲ ಗಂಟೆ ಸದ್ದಾಯಿತು. ಇಬ್ಬರೂ ಕೈಗಳನ್ನು ನೀರಲ್ಲೇ ಬಿಟ್ಟು ಕೂತೆವು. ಯಾರೋ ತುಸು ಹೊತ್ತು ನಿಂತು ಹೋದರು. ಯಾರೆಂದು ಗೊತ್ತಾಗಲಿಲ್ಲ.

ಸೋಮವಾರ ಮೇಡಂ ಬರಿಗೈಯಲ್ಲಿ ಹೋದರು. ಅದಾದ ಮೇಲೆ ಬಂದ ಆಪಾದನೆಯನ್ನು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅಂಥ ಜನರೇ ಇರಲಿಲ್ಲ, ಇಪ್ಪತ್ತೈದು ವರ್ಷದ ಉತ್ತರಗಳನ್ನೆಲ್ಲ ಈಕೆ ಮನೆಯಲ್ಲಿ ಕೂತು ತಾನೇ ಬರೆದಿದ್ದಾಳೆ ಎಂದು ದೂರು. ಮೂವರ ವಿಚಾರಣಾ ಸಮಿತಿ ಕೂತಿತು. ಅವರ ಲೇಖನಗಳನ್ನು ಓದಿ ಪಾಠ ಮಾಡುತ್ತಿದ್ದವರು ಅವರ ಎದುರು ಬರುವುದನ್ನು ಬಿಟ್ಟು ಬೇರೆ ಮೆಟ್ಟಿಲು ಹಿಡಿದರು.

ನನ್ನನ್ನೂ ಕರೆದರು. ಹಿಂದಿನ ದಿನ ಮೇಡಂ ನನಗೆ ಹೇಳಿದ್ದು ಇಷ್ಟೇ: "ನನ್ನ ಸಲುವಾಗಿ ಒಂದ ಹೆಸರು ಬಾಯಿಬಿಟ್ಟರೂ ನೀ ನನ್ನ ವಿದ್ಯಾರ್ಥಿ ಅಲ್ಲ." ಸಮಿತಿಯ ಅಧ್ಯಕ್ಷರು ಕೆಟ್ಟವರಾಗಿ ಕಾಣಲಿಲ್ಲ. ನೀನು ಮಾತಾಡಿಸಿದ ಒಬ್ಬರ ಹೆಸರು ಹೇಳು, ಅವರನ್ನು ಗುಟ್ಟಾಗಿ ಕರೆಸಿ ಕೇಳುತ್ತೇವೆ, ನಿಮ್ಮ ಮೇಡಂ ಉಳಿಯುತ್ತಾರೆ ಎಂದರು. ನನಗೆ ಕೊಂಢವಾದ ನಲವತ್ತು ಹೆಸರು ಬಾಯಿಪಾಠವಿದ್ದವು. ಒಳಗೆ ಬರುವಾಗ ಹೊರಗಿನ ಬೆಂಚಿನ ಮೇಲೆ ಆ ಹಳೆಯ ವಿದ್ಯಾರ್ಥಿ ಕೂತಿದ್ದನ್ನು ನೋಡಿದ್ದೆ. ನೆನಪಿಲ್ಲ ಎಂದೆ. ಒಂದೂ ನೆನಪಿಲ್ಲವೇ ಎಂದರು. ಇಲ್ಲ ಎಂದೆ. ಅವರು ಅದನ್ನೇ ಬರೆದುಕೊಂಡರು. ಮೇಡಂ ಅವರನ್ನು ಸುಳ್ಳು ಸಂಶೋಧನೆಯ ಆರೋಪದ ಮೇಲೆ ತೆಗೆದುಹಾಕಿದ ವರದಿಯಲ್ಲಿ, ಸಹಾಯಕ ಸಂಶೋಧಕಿಗೆ ಒಬ್ಬ ವ್ಯಕ್ತಿಯನ್ನೂ ಹೆಸರಿಸಲಾಗಲಿಲ್ಲ ಎಂಬ ಮಾತು ಇದೆ.

ಅದಾದ ಮೇಲೆ ಅವರು ಬದುಕಿದ್ದು ಎರಡು ವರ್ಷ. ನಾನು ಒಂದು ಜೂನಿಯರ್ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದೆ, ಭಾನುವಾರ ಹೋಗಿಬರುತ್ತಿದ್ದೆ. ನಡುವೆ ಒಂದು ಚುನಾವಣೆ ಬಂತು. ಮತ ಹಾಕಿ ಬಂದ ದಿನ ಮೇಡಂ ನನ್ನನ್ನು ಕೂರಿಸಿಕೊಂಡು, "ನನ್ನ ಕೇಳು, ಪದ್ಧತಿ ಪ್ರಕಾರ ಕೇಳು" ಎಂದರು. ಚೇಷ್ಟೆ ಎಂದುಕೊಂಡು ಮೊದಲ ಪ್ರಶ್ನೆ ಕೇಳಿದೆ, ಯಾರಿಗೆ ಹಾಕಿದಿರಿ ಎಂದು. ಅವರು ಬಾಯಿ ತೆರೆದರು. ಆಮೇಲೆ ಕಿಟಕಿಯ ಕಡೆ ನೋಡಿದರು. ಎದ್ದು ಹೋಗಿ ಕಿಟಕಿ ಮುಚ್ಚಿ ಬಂದು ಕೂತರು. ಆದರೂ ಹೇಳಲಿಲ್ಲ. ಕೊನೆಗೆ, ಆ ಹನ್ನೊಂದು ಮನೆಗಳ ಮೇಲೆ ಒಳಗೊಳಗೇ ಸಿಟ್ಟು ಇಟ್ಟುಕೊಂಡಿದ್ದೆ, ಇವತ್ತು ಹೋಯಿತು ಎಂದರು.

ಹೃದಯದ ತೊಂದರೆಯಿಂದ ಹೋದರು. ವಿದ್ಯುತ್ ಚಿತಾಗಾರದಲ್ಲಿ ನಾವು ಹತ್ತು ಹನ್ನೆರಡು ಮಂದಿ ಇದ್ದೆವು. ಆ ಹಳೆಯ ವಿದ್ಯಾರ್ಥಿ ದೊಡ್ಡ ಹಾರ ತಂದಿದ್ದ. ಹಾರ ಇಟ್ಟು ನಮಸ್ಕರಿಸಿ, ಹೋಗದೆ, ಗೇಟಿನ ಪಕ್ಕ ನಿಂತು ಬಂದವರ ಮುಖ ಒಂದೊಂದಾಗಿ ನೋಡುತ್ತಿದ್ದ.

ಎಲ್ಲ ಮುಗಿದು ಹೊರಬರುವಾಗ ಒಬ್ಬ ಹೆಂಗಸು ಗೇಟಿನೊಳಗೆ ಓಡಿಬಂದಳು. ಸೀರೆಯ ಮೇಲೆ ಗಂಡಸರ ಅಂಗಿ, ಅಂಗಿಗೆ ಸಿಮೆಂಟು. ಕೆಲಸದಿಂದ ನೇರ ಬಂದಿದ್ದಳು. ಕೊಂಢವಾದಲ್ಲಿ ಅವಳ ಶೆಡ್ಡಿನ ನೆಲದ ಮೇಲೆ ನಾನೂ ಮೇಡಂ ಎಷ್ಟೋ ಸಲ ಕೂತಿದ್ದೆವು. ನನ್ನ ಕೈ ಹಿಡಿದು, "ಅಕ್ಕಾರ, ಬಾಯಾರಿಗೆ ಏನಾಗಿತ್ರಿ? ನನಗ ಈಗ ಗೊತ್ತಾತ್ರಿ" ಅಂದಳು. ಮೇಡಂ ಅವರನ್ನು ಅವಳು ಬಾಯಾರು ಎಂದೇ ಕರೆಯುತ್ತಿದ್ದಳು. ಅವಳ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ, ಅವನು ನಿಂತಿದ್ದ.

ನಾನು ಕೈ ಬಿಡಿಸಿಕೊಂಡೆ. "ಮೀ ತುಮ್ಹಾಲಾ ಓಳಖತ ನಾಹೀ" ಎಂದೆ, ನಿಮ್ಮ ಗುರುತು ನನಗಿಲ್ಲ ಎಂದು. ಅವಳು ಮತ್ತೆ ಕನ್ನಡದಲ್ಲಿ ಏನೋ ಹೇಳಲು ಹೋದಳು. ಅರ್ಥವಾಗದವಳ ಹಾಗೆ ನಾನು ಮುಖ ಮಾಡಿದೆ. ಅವಳ ಕಣ್ಣು ತುಂಬಿ ಬಂತು. ತಪ್ಪು ಮಂದಿಯ ಸಾವಿಗೆ ಬಂದವಳ ಹಾಗೆ ಸೆರಗು ಎಳೆದುಕೊಂಡು, ತಲೆ ತಗ್ಗಿಸಿ, ಬಂದ ದಾರಿಯಲ್ಲೇ ಹೊರಟುಹೋದಳು. ಅವನು ಅವಳನ್ನು ಒಮ್ಮೆ ನೋಡಿ ನನ್ನ ಕಡೆ ತಿರುಗಿದ, ಯಾರೆಂದು ಕೇಳಿದ. ದಾರಿ ತಪ್ಪಿ ಬಂದಿದ್ದಾಳೆ ಎಂದೆ.

ಅವಳಿಗೆ ನಾನು ಮಾಡಿದ್ದು ಅರ್ಥವಾಯಿತೋ ಇಲ್ಲವೋ ಇವತ್ತಿಗೂ ತಿಳಿಯದು. ಹೋಗಿ ಹೇಳಿಬರುವ ಹಾಗೂ ಇಲ್ಲ. ಅವಳ ಹೆಸರು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ.