ಪಾಳಿಯ ಸೈರನ್ನು ಮತ್ತು ನಾನು ಬೇಡವೆಂದ ಹುಡುಗ

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ ನಮಗೆ ಗಡಿಯಾರ ಬೇಕಿರಲಿಲ್ಲ. ಪಾಳಿ ಬದಲಾಗುವಾಗ ಸೈರನ್ ಕೂಗುತ್ತಿತ್ತು. ಅದನ್ನು ಕೇಳಿಯೇ ಅನ್ನಕ್ಕಿಡುತ್ತಿದ್ದರು, ಮಕ್ಕಳನ್ನು ಏಳಿಸುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಮಾತ್ರ ಒಳಗೇನೋ ಅನಾಹುತ ಎಂದರ್ಥ. ಹೆಂಗಸರೆಲ್ಲ ಒಲೆ ಆರಿಸಿ ಗೇಟಿಗೆ ಓಡುತ್ತಿದ್ದರು.

ತೊಂಬತ್ತರ ದಶಕದ ಶುರುವಿನಲ್ಲಿ ಹಾಗೊಮ್ಮೆ ಕೂಗಿತು. ಅಮ್ಮ ನನ್ನನ್ನೂ ಅಕ್ಕನನ್ನೂ ದರದರ ಎಳೆದುಕೊಂಡು ಹೋದಳು. ಅಪ್ಪ ಬಲಗೈಗೆ ಬ್ಯಾಂಡೇಜ್ ಸುತ್ತಿಸಿಕೊಂಡು ಹೊರಬಂದರು. ಸುಟ್ಟಿತ್ತು, ಅಷ್ಟೇ.

"ಅಪ್ಪಾ, ಇನ್ನು ಸ್ವಲ್ಪ ದಿನ ನಮಗೆ ಹೊಡಿಯಕ್ಕಾಗಲ್ಲ ಅಲ್ವಾ?" ಎಂದಳು ಅಕ್ಕ.

"ಎಡಗೈ ಚೆನ್ನಾಗೇ ಇದೆ ಕಣೇ."

ಎಲ್ಲರೂ ನಕ್ಕರು. ನಾನು ಲಂಗ ಒದ್ದೆ ಮಾಡಿಕೊಂಡು ನಿಂತಿದ್ದೆ.

ಮರುದಿನ ಸೈರನ್ ಸರಿಯಾದ ಹೊತ್ತಿಗೇ ಕೂಗಿತು, ಏನೂ ಆಗಲಿಲ್ಲ. ಆಮೇಲೂ ದಿನಾ ಕೂಗಿತು, ಏನೂ ಆಗಲಿಲ್ಲ. ಅಕ್ಕನಿಗೆ ಅದು ಬೇಗನೆ ಮತ್ತೆ ಬರೀ ಗಡಿಯಾರವಾಯಿತು. ನಾನು ಮೊದಲೇ ಪುಕ್ಕಲಿ, ಹಲ್ಲಿ ಲೊಚಗುಟ್ಟಿದರೂ ಅಮ್ಮನ ಸೆರಗು ಹುಡುಕುವವಳು. ಹೆದರುವುದನ್ನು ಒಂದೇ ದಿನಕ್ಕೆ ಕಲಿತೆ. ಏನೂ ಆಗಲಿಲ್ಲ ಎನ್ನುವ ಪಾಠ ಮಾತ್ರ ದಿನಾ ಹೇಳಿಕೊಟ್ಟರೂ ತಲೆಗೆ ಹತ್ತಲಿಲ್ಲ.

ಅಪ್ಪ ನಿವೃತ್ತರಾದ ಮೇಲೆ ಶಿವಮೊಗ್ಗಕ್ಕೆ ಬಂದೆವು. ಎರಡು ಸಾವಿರದ ಆಸುಪಾಸಿನಲ್ಲಿ ನನಗೊಂದು ಸಂಬಂಧ ಬಂತು. ಹುಡುಗ ಅದೇ ಕಾರ್ಖಾನೆಯಲ್ಲಿ ಫಿಟ್ಟರ್. ನನ್ನನ್ನು ನೋಡಲು ಬಂದವನು, "ಹಾಡು ಬರುತ್ತಾ ಅಂತ ಕೇಳಲ್ಲ ಕಣ್ರೀ. ಆಮೇಲೆ ನೀವೂ ನಂಗೆ ಹಾಡಿ ಅಂದ್ರೆ ಕಷ್ಟ" ಎಂದಿದ್ದ. ಇಷ್ಟವಾಗಿಬಿಟ್ಟ, ಸುಳ್ಳೇಕೆ ಹೇಳಲಿ?

ನಾವು ಅವನ ಮನೆ ನೋಡಲು ಭದ್ರಾವತಿಗೆ ಹೋದೆವು. ಕೇಸರಿಬಾತ್ ಬಾಯಿಗಿಡುವಾಗ ಸೈರನ್ ಕೂಗಿತು. "ಎರಡ್ ಗಂಟೆ ಆಯ್ತು, ಊಟಕ್ಕೆ ಏಳ್ರಮ್ಮಾ" ಎಂದರು ಅವನಮ್ಮ. ಬಾಯಿಗೆತ್ತಿದ್ದನ್ನು ತಟ್ಟೆಗೇ ಇಟ್ಟುಬಿಟ್ಟೆ. ಇನ್ನು ಜೀವನವಿಡೀ ಇವನು ಗೇಟಿನೊಳಗೆ, ನಾನು ಹೊರಗೆ ಎಂದೇ ಕಂಡಿತು.

ವಾಪಸಾಗುವ ಬಸ್ಸು ಮಲವಗೊಪ್ಪ ದಾಟುವಾಗ ಅಕ್ಕನಿಗೆ ಹೇಳಿದೆ, "ನಂಗೆ ಬೇಡ ಕಣೇ."

"ಹುಚ್ಚೇನೇ ಮಾರಾಯ್ತಿ? ಅವನ್ನ ನೋಡಿ ಹಲ್ಲು ಕಿರೀತಿದ್ದೆಯಲ್ಲ!"

"ಆ ಸೈರನ್ನು..."

"ಸೈರನ್ನ ಮದ್ವೆ ಆಗು ಅಂದ್ವೇನೇ ನಿಂಗೆ?"

ನಾನು ಜಗ್ಗಲಿಲ್ಲ. ಹುಡುಗಿ ಇನ್ನೂ ಓದಬೇಕಂತೆ ಎಂದು ಅಪ್ಪ ಹೇಳಿಕಳಿಸಿದರು. ನಾಲ್ಕು ದಿನಕ್ಕೆ ಉತ್ತರ ಬಂತು: "ಓದ್ಲಿ ಬಿಡಿ, ಕಾಯ್ತೀನಿ."

ಅದನ್ನು ಅಪ್ಪ ನನ್ನೆದುರು ಕೂತು ಹೇಳಿದರು. ಒಂದು 'ಹೂಂ' ಸಾಕಿತ್ತು. ಸುಟ್ಟ ಕೈಯ ಮನುಷ್ಯ ಆಮೇಲೂ ಎಷ್ಟೋ ವರ್ಷ ದುಡಿದು, ಗಟ್ಟಿಮುಟ್ಟಾಗಿ ಕಣ್ಣೆದುರಿಗೇ ಕೂತಿದ್ದರು. ಆದರೂ ನನ್ನ ಬಾಯಿಂದ ಆ 'ಹೂಂ' ಹೊರಡಲಿಲ್ಲ.

ಅವನು ಒಂದು ವರ್ಷ ಕಾದನಂತೆ. ಆ ವರ್ಷ ನಾನು ಯಾವ ಕಾಲೇಜಿಗೂ ಸೇರಿರಲಿಲ್ಲ.