ಅಪ್ಪ ನಂಬಿದ ಕಲ್ಲು

ನನ್ನ ಅಕ್ಷರ ಸೊಟ್ಟ, ಬರುವ ಮಾತೂ ಕಡಿಮೆ. ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು. ತಪ್ಪು ಕಂಡರೆ ಕ್ಷಮಿಸಿ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ನನ್ನ ಅಪ್ಪ ಅಪ್ಪಾಸಾಬ ಬಾಗಲಕೋಟೆ ಕಡೆಯವರು. ಗೋವಾಕ್ಕೆ ಬಂದು ಹನ್ನೊಂದು ವರ್ಷ ಕಟ್ಟಡಗಳಲ್ಲಿ ಚಿರೆಕಲ್ಲು ಹೊತ್ತರು. ಇಲ್ಲಿಯ ಮನೆಗಳೆಲ್ಲ ಆ ಕೆಂಪು ಕಲ್ಲಿನವೇ. ಬೆನ್ನು ಸೋತ ಮೇಲೆ ಸಾಂಖಳಿ ರಸ್ತೆಯ ಬದಿಗೆ ಗಾಲಿ, ಬ್ರೇಕು ರಿಪೇರಿಯ ಶೆಡ್ ಹಾಕಿದರು. ನಟ್ಟು ಬಿಚ್ಚುವ ಪಾನಾ ಎತ್ತಿಕೊಡುವವಳು ನಾನು. ಗಿರಾಕಿ ಬಂದರೆ ಮಾತಾಡಲು ಅಂಜಿ ಶೆಡ್ಡಿನ ಹಿಂದೆ ಹೋಗಿ ನಿಲ್ಲುತ್ತಿದ್ದೆ.

ಕಳೆದ ಸೋಮವಾರ ಪ್ರವಾಸಿಯೊಬ್ಬ ಕಾರಿನ ಹಿಂದೆ ಮನೆಗಾಡಿ ಎಳೆದು ತಂದ. ಒಳಗೆ ಹಾಸಿಗೆ, ಒಲೆ ಎಲ್ಲ ಇತ್ತು; ಕೆಳಗೆ ಎರಡು ಗಾಲಿ, ಮೂತಿಗೆ ಒಂದು ಪುಟ್ಟ ಗಾಲಿ. ಎಡಗಾಲಿಯ ಬ್ರೇಕು ಹಿಡಿದುಕೊಂಡಿತ್ತು. ಗಾಡಿಯನ್ನು ಬಿಚ್ಚಿಟ್ಟು, ಕಾರು ತೆಗೆದುಕೊಂಡು ಅವನು ಮಡಗಾಂವಿಗೆ ಹೋದ.

ಅಪ್ಪ ಜಾಕ್ ಏರಿಸಿದರು. ನಮ್ಮ ಕಬ್ಬಿಣದ ಸ್ಟ್ಯಾಂಡುಗಳು ಬೇರೊಂದು ಗಾಡಿಯ ಕೆಳಗಿದ್ದವು. ಅದಕ್ಕೆ ಎರಡು ಚಿರೆಕಲ್ಲು ಒಂದರ ಮೇಲೊಂದಿಟ್ಟು, ಗಾಡಿಯ ತಳದ ತೊಲೆಯನ್ನು ಅದರ ಮೇಲೆ ಕೂರಿಸಿದರು. ಕಲ್ಲು ಮಳೆಯಲ್ಲಿ ನೆನೆದಿತ್ತು.

“ಅಪ್ಪಾ, ಕಲ್ಲು ತೂತು ತೂತು ಐತಿ,” ಎಂದೆ.

“ಮನಿ ಹೊರೋ ಕಲ್ಲು ಗಾಡಿ ಹೊರಂಗಿಲ್ಲೇನವ್ವಾ?”

ಗಾಡಿ ಉರುಳದಂತೆ ಬಲಗಾಲಿಗೆ ಅಡ್ಡ ಕೊಟ್ಟಿರಲಿಲ್ಲ. ಅದನ್ನು ನೋಡಿದ್ದೆ, ಹೇಳಲಿಲ್ಲ.

ಗಾಲಿ ಬಿಚ್ಚಿದ ಅಪ್ಪ ತೊಲೆಯ ಕೆಳಗೆ ಕೈ ತೂರಿಸಿ ಬ್ರೇಕಿನ ಹಿಂಬದಿ ತಡವುತ್ತಿದ್ದಾಗ ಗಾಡಿ ಗೇಣುದ್ದ ಸರಿಯಿತು. ಜಾಕ್ ಮಗುಚಿತು, ಕಲ್ಲು ಒಣಗಿದ ಕಟಕ ರೊಟ್ಟಿಯಂತೆ ಮುರಿಯಿತು. ಬ್ರೇಕಿನ ಡ್ರಮ್ಮು ನೆಲಕ್ಕೆ ಊರಿದ್ದರಿಂದ ಗಾಡಿ ಅಲ್ಲಿಗೇ ನಿಂತಿತು. ಆದರೆ ಅಪ್ಪನ ಮುಂಗೈ ತೊಲೆಗೂ ಕಲ್ಲಿನ ಚೂರಿಗೂ ನಡುವೆ ಸಿಕ್ಕಿತ್ತು. ಜಾಕೂ ಅಡಿಯಲ್ಲೇ ಸಿಕ್ಕಿತ್ತು.

“ಮೌಲಾಬಿ ಹತ್ರ ಜಾಕ್ ಇಸ್ಕೊಂಡ್ ಬಾ,” ಎಂದರು.

ಮೌಲಾಬಿ ಪಕ್ಕದ ಗುಜರಿ ಅಂಗಡಿಯವರು. ಶೆಡ್ ಹಾಕಿದ ಈ ನಾಲ್ಕು ವರ್ಷದಲ್ಲಿ ಒಮ್ಮೆಯೂ ಅವರ ಜೊತೆ ಮಾತಾಡಿರಲಿಲ್ಲ. ನಿಂತಲ್ಲೇ ನಿಂತೆ.

“ಕೈ ಸಿಕ್ಕಿದ್ದು ನಂದು. ನಿನ್ನ ಬಾಯಿ ಯಾಕ ಸಿಕ್ಕೇತಿ?”

ಅಪ್ಪನ ಬೆರಳುಗಳು ನೀಲಿಗಟ್ಟುತ್ತಿದ್ದವು. ಓಡಿದೆ. “ಚಾಚಿ, ಜಾಕ್... ಅಪ್ಪನ ಕೈ...” ಅಷ್ಟೇ ಬಂತು.

“ಯಾ ಅಲ್ಲಾ, ನಿನಗ ಮಾತು ಬರ್ತಾವ? ಮೂಕಿ ಅಂದ್ಕೊಂಡಿದ್ದೆ!” ಎನ್ನುತ್ತಲೇ ಅವರು ಜಾಕ್ ಎತ್ತಿಕೊಂಡು ಬಂದರು. ಬಂದವರೇ ಎರಡು ಗಾಲಿ ಕೂಡಿಸುವ ಅಚ್ಚಿನ ಕೆಳಗೆ ಅದನ್ನು ತಳ್ಳಿದರು.

“ಅಲ್ಲಿ ಬ್ಯಾಡ್ರಿ ಚಾಚಿ, ಅಚ್ಚು ಬಾಗತೈತ್ರಿ,” ಎಂದೆ. ದನಿ ಜೋರಾಗಿಯೇ ಬಂತು.

ಮೊದಲು ಬಲಗಾಲಿಗೆ ಹಿಂದೆ ಮುಂದೆ ಮರದ ತುಂಡು ಒತ್ತಿದೆ. ನೆಲ ಹಸಿಯಿತ್ತು, ಹಲಗೆ ಹಾಕಿ ಅದರ ಮೇಲೆ ಜಾಕ್ ಇಟ್ಟೆ, ತೊಲೆಗೆ ಕೊಟ್ಟೆ. “ಲಗೂ ಮಾಡಬೇ,” ಎಂದು ಅಪ್ಪ ಹಲ್ಲು ಕಚ್ಚಿದರು. ಆದರೂ ನಿಧಾನವಾಗಿಯೇ ಏರಿಸಿದೆ. ಏರಿದಷ್ಟೂ ಮೌಲಾಬಿ ಚಾಚಿ ಕೆಳಗೆ ದಿಮ್ಮಿ ತುರುಕಿದರು. ಕೈ ಹೊರಗೆ ಬಂತು.

ಈಗ ಆ ಕೈಗೆ ಪ್ಲಾಸ್ಟರ್ ಹಾಕಿದ್ದಾರೆ, ಒಂದೂವರೆ ತಿಂಗಳು. ಎರಡು ಬೆರಳು ಮಡಿಚುತ್ತಿಲ್ಲ. ಅಪ್ಪ ದಿನವಿಡೀ ಶೆಡ್ಡಿನಲ್ಲಿ ಕುರ್ಚಿಗೆ ಅಂಟಿ ಕೂತು, “ಕೈ ಹೊರಗ ಬಂತು, ನಾನಿನ್ನೂ ಒಳಗ ಸಿಕ್ಕೊಂಡೀನಿ,” ಎನ್ನುತ್ತಾರೆ. ಗಿರಾಕಿ ಬಂದರೆ ನಾನೂ ಇನ್ನು ಶೆಡ್ಡಿನ ಹಿಂದೆ ಹೋಗಿ ನಿಲ್ಲುವಂತಿಲ್ಲ.

ನಾಳೆ ಬೆಳಿಗ್ಗೆ ಗಾಡಿಯವನು ಬರುತ್ತಾನೆ. ಗಾಡಿ ಸರಿಯದಂತೆ ಕಾರನ್ನು ಅದಕ್ಕೆ ಸಿಕ್ಕಿಸಿ ನಿಲ್ಲಿಸಿ ಎಂದು ನಾನೇ ಅವನಿಗೆ ಹೇಳುತ್ತೇನೆ. ಬಲಗಾಲಿಗೆ ಅಡ್ಡ ಕೊಟ್ಟು, ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಆ ಬ್ರೇಕನ್ನು ಸರಿ ಮಾಡುತ್ತೇನೆ.